ಹಲಗಲಿಯಿಂದ ಹತ್ತು ಮೀಟರ್‌ವರೆಗೆ: ಗುರಿ ಪಿಸ್ತೂಲಿನ ಕಥೆ

1/8

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಾಗ ‘ಹಲಗಲಿ ಬೇಡರು’ ಲಾವಣಿ ಓದಿದ್ದು ನೆನಪೈತಿಲ್ಲ? ಪರೀಕ್ಷೆಗೆ ಅಂತ ಸಾರಾಂಶ ಬಾಯಿಪಾಠ ಮಾಡಿ, ಆಮ್ಯಾಲೆ ಮರೆತುಬಿಟ್ವಿ. ಈ ಸರಣಿಗೆ ಅದನ್ನ ಮತ್ತೆ ತೆಗೀಬೇಕಾಗೈತಿ. ಯಾಕಂದ್ರ ಪ್ಯಾರಿಸ್ ಒಲಿಂಪಿಕ್ಸ್ ಆದಾಗಿಂದ ನನಗೆ ಬರೋ ಮೆಸೇಜ್‌ಗಳಲ್ಲಿ ಎರಡು ಪ್ರಶ್ನೆ ತಪ್ಪೋದೇ ಇಲ್ಲ: “ಏರ್ ಪಿಸ್ತೂಲ್ ಯಾವ ಕಂಪನಿದು ತಗೋಬೇಕು?” ಮತ್ತು “ಅದಕ್ಕ ಲೈಸೆನ್ಸ್ ಬೇಕಾ?” ಇತಿಹಾಸದ ಪೇಜಿಗೆ ಬಂದು ಶಾಪಿಂಗ್ ಪ್ರಶ್ನೆ ಕೇಳ್ತೀರಲ್ಲ ಅಂತ ಮೊದಲು ನಗು ಬಂತು. ಆಮ್ಯಾಲೆ ನೋಡಿದ್ರ ಎರಡೂ ಇತಿಹಾಸದ ಪ್ರಶ್ನೆಗಳೇ. ಎರಡನೇದ್ದರಿಂದ ಶುರು ಮಾಡ್ತೀನಿ. ಅದರ ಬೇರು 1857ರಾಗ ಐತಿ.

ಆ ವರ್ಷ ಉತ್ತರದಲ್ಲಿ ದಂಗೆ ಎದ್ದ ಮೇಲೆ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿದುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಬೇಟೆ ಅಂದರೆ ಹೊಟ್ಟೆಪಾಡು. ಕೊಡೂದಿಲ್ಲ ಅಂದ್ರು. ನವೆಂಬರ್ ಕೊನೆಗೆ ಊರಿಗೆ ದಂಡು ಬಂತು, ಮನೆಗಳಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಮುಂದಿನ ವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಎದ್ದಾಗಲೂ ಆಯುಧ ಒಪ್ಪಿಸುವ ಜಗಳ ಅದರೊಳಗಿತ್ತು. ಆಗ ನಮ್ಮ ಕಡೆಯೆಲ್ಲ ಧಾರವಾಡ ಜಿಲ್ಲೆ. ಬ್ರಿಟಿಷರ ಗೆಜೆಟಿಯರ್ ತೆಗೆದರೆ ನಮ್ಮ ತಾಲೂಕಿಗೆ ಕೋಡ ಅಂತ ಹೆಸರು, ಕಚೇರಿ ಮಾತ್ರ ಹಿರೇಕೆರೂರಾಗ. ಹಲಗಲಿಗೆ ಬಂದ ಕಾಯ್ದೆ ನಮ್ಮೂರಿಗೂ ಬಂದಿತ್ತು ಅನ್ನೋದಷ್ಟೇ ಸದ್ಯಕ್ಕೆ ತಲ್ಯಾಗ ಇಟ್ಕೊಳ್ರಿ.

2/8

1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಕಾಂಗ್ರೆಸ್ಸಿನವರು ಎಷ್ಟೋ ವರ್ಷ ಇದನ್ನು ತೆಗೆಯಿರಿ ಅಂತ ಕೇಳಿದರು. ನಮ್ಮ ರಾಜ್ಯದಲ್ಲೇ ಒಂದು ವಿನಾಯಿತಿ ಮಾತ್ರ ಇದಕ್ಕಿಂತ ಹಳೆಯದು. 1861ರಲ್ಲೇ ಕೊಡವರಿಗೆ ಬಂದೂಕಿನ ವಿಷಯದಲ್ಲಿ ರಿಯಾಯಿತಿ ಸಿಕ್ಕಿತ್ತು. ಕೈಲ್‌ಪೊಳ್ದ್ ಹಬ್ಬದಾಗ ಬಂದೂಕಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯೋ ವಿಡಿಯೋ ನೀವೂ ನೋಡಿರ್ತೀರಿ. ಆ ವಿನಾಯಿತಿ ಇವತ್ತಿಗೂ ಐತಿ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡೀತು. ನಮ್ಮ ಕಡೆ ಅಂಥದ್ದೇನಿಲ್ಲ. ಹೊಲ ಕಾಯಾಕ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆ ಬಂದೂಕು ಅಲ್ಲೊಂದು ಇಲ್ಲೊಂದು ಮನ್ಯಾಗ ಇರತೈತಿ, ಎಲೆಕ್ಷನ್ ಬಂತಂದ್ರ ಅದೂ ಠಾಣೆಗೆ ಹೋಗಿ ಕೂಡತೈತಿ.

ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಹಳೆಯದರ ಜಾಗಕ್ಕೆ ಬಂತು. ಅದರ ಕೆಳಗೆ ಬಂದ 2016ರ ನಿಯಮಗಳಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಐತಿ. ನಳಿಗೆ 4.5 ಮಿ.ಮೀ. ಮೀರದ, ಮೂತಿಯ ಹತ್ತಿರ ಶಕ್ತಿ 20 ಜೌಲ್ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗತೈತಿ, ಸೆಕೆಂಡಿಗೆ 150 ಮೀಟರ್ ಆಸುಪಾಸು ಓಡತೈತಿ. ಲೆಕ್ಕ ಹಾಕಿದರೆ 6 ಜೌಲ್ ಅಷ್ಟೇ. ಹಾಗಾಗಿ ಇದು ಮಿತಿಯ ಒಳಗೇ ಬರತೈತಿ. ಆದ್ರ ಅಂಗಡ್ಯಾಗ ಗುರುತಿನ ದಾಖಲೆ ಕೊಡಬೇಕು, ಬಿಲ್ ಜೋಪಾನ ಇಟ್ಕೋಬೇಕು. ಮದ್ದಿನಿಂದ ಹಾರುವ .22 ಪಿಸ್ತೂಲಿನ ಮಾತು ಬೇರೆ: ಅದು ಪೂರ್ತಿ ಲೈಸೆನ್ಸಿನ ವಸ್ತು, ಅದಕ್ಕೆ 21 ತುಂಬಿರಬೇಕು. ನಮ್ಮ ಬ್ಯಾಚಿನ ಹೆಚ್ಚಿನವರಿಗೆ ಇನ್ನೂ ತುಂಬಿಲ್ಲ.

ಇಲ್ಲೇ ಒಂದು ಮಾತು. ಆರು ಜೌಲ್ ಅಂದ್ರೂ ಕಣ್ಣಿಗೆ ಬಿದ್ರ ಕಣ್ಣು ಹೋಗತೈತಿ. ಮತ್ತ ಸೊಂಟಕ್ಕ ಸಿಗಿಸ್ಕೊಂಡು ರೀಲ್ಸ್ ಮಾಡೋ ಪ್ಲ್ಯಾನ್ ಇದ್ರ ಈ ಸರಣಿ ಇಲ್ಲಿಗೇ ಬಿಡ್ರಿ. ಠಾಣೆಗೆ ಕರ್ಕೊಂಡು ಹೋದ ಮ್ಯಾಲೆ ಅದು ಗಾಳಿದೋ ಮದ್ದಿಂದೋ ಅಂತ ತಿಳಿಸಿ ಹೇಳೋ ಕೆಲಸ ನಿಮ್ಮ ಅಪ್ಪಂದಾಗತೈತಿ.

3/8

ಇನ್ನು ಪಿಸ್ತೂಲು ಆಟದ ಸಾಮಾನು ಆದ ಕಥೆ.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಪಿಸ್ತೂಲ್ ಸ್ಪರ್ಧೆ ಇತ್ತು. ಅಮೆರಿಕದ ಜಾನ್ ಪೇನ್, ಸಮ್ನರ್ ಪೇನ್ ಅನ್ನೋ ಅಣ್ಣತಮ್ಮಂದಿರು ಬಂದು ಒಬ್ಬೊಬ್ಬರು ಒಂದೊಂದು ಚಿನ್ನ ಗೆದ್ದು ಹೋದರು. 1900ರ ಪ್ಯಾರಿಸ್‌ಗೆ 50 ಮೀಟರ್ ದೂರದ ‘ಫ್ರೀ ಪಿಸ್ತೂಲ್’ ಬಂತು. ಫ್ರೀ ಅಂದ್ರ ಪುಕ್ಕಟೆ ಅಲ್ಲ, ಕಟ್ಟುಪಾಡು ಕಡಿಮೆ ಅಂತ. ತೂಕಕ್ಕೆ ಮಿತಿ ಇಲ್ಲ, ಕುದುರೆ ಎಷ್ಟು ಹಗುರ ಬೇಕಾದರೂ ಇರಬಹುದು, ಹಿಡಿ ಇಡೀ ಅಂಗೈಯನ್ನು ಕೈಗವಸಿನ ಹಾಗೆ ಸುತ್ತಿಕೊಳ್ಳಬಹುದು. (ಟ್ರಿಗರ್‌ಗೆ ನಮ್ಮ ಹಿರಿಯರು ‘ಕುದುರೆ’ ಅಂತಾರಲ್ಲ, ನನಗೆ ಆ ಪದ ಬಾಳ ಸೇರತೈತಿ. ಹಗುರಾಗಿ ಲಗಾಮು ಜಗ್ಗಬೇಕು, ಗಕ್ಕನೆ ಎಳೆದ್ರ ಅದು ನಿಮ್ಮನ್ನ ಬೀಳಸತೈತಿ.)

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ 1907ರಲ್ಲಿ ಹುಟ್ಟಿತು. ಅಲ್ಲಿಂದ ಇವತ್ತಿನವರೆಗೆ ಬದಲಾಗದೇ ಉಳಿದ ನಿಯಮ ಒಂದೈತಿ: ಪಿಸ್ತೂಲು ಅಂದ್ರ ಒಂದೇ ಕೈ. ಸಿನಿಮಾದಾಗ ಎರಡೂ ಕೈಲಿ ಹಿಡಿಯೋದು ನೋಡಿ ರೂಢಿ ಆಗೈತಿ ನಮಗ. ರೇಂಜಿನಲ್ಲಿ ಇನ್ನೊಂದು ಕೈ ಜೇಬಿನಾಗ ಇಲ್ಲಾ ಬೆಲ್ಟಿಗೆ.

ಹಂಗೇರಿಯ ಕರೋಲಿ ತಕಾಚ್‌ನ ಹೆಸರು ಕೇಳಿದೀರಾ? ಸೈನ್ಯದಲ್ಲಿದ್ದಾಗ 1938ರಲ್ಲಿ ಗ್ರೆನೇಡ್ ಸಿಡಿದು ಗುರಿ ಹೊಡೆಯುವ ಬಲಗೈ ಹೋಯಿತು. ಎಡಗೈಯಲ್ಲಿ ಮೊದಲಿನಿಂದ ಕಲಿತ. ಯುದ್ಧದಿಂದ ಎರಡು ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರ ಲಂಡನ್‌ನಲ್ಲಿ ರ‍್ಯಾಪಿಡ್ ಫೈರ್ ಚಿನ್ನ, 1952ರ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ. ಈ ಕಥೆಯನ್ನ ಮೋಟಿವೇಶನ್ ಪೇಜಿನವರು ಹಾಕಿ ಹಾಕಿ ಸವೆಸಿಬಿಟ್ಟಾರ. ನಾನು ಹೇಳಾಕ ಬಂದಿದ್ದು ಬೇರೆ. ಎಡಗೈಗೆ ಬದಲಾದ ದಿನ ಅವನ ಬಲಗೈ ಹಿಡಿ ಉಪಯೋಗಕ್ಕ ಬರಲಿಲ್ಲ. ಗುರಿ ಪಿಸ್ತೂಲಿನ ಹಿಡಿ ಒಬ್ಬರ ಒಂದು ಕೈಗೆ ಮಾತ್ರ. ಚಪ್ಪಲಿ ಹಂಗ, ಎಡದ್ದು ಬಲಕ್ಕ ಆಗೂದಿಲ್ಲ.

4/8

ಈಗ ಗಾಳಿ. ಇದು ಸ್ವಲ್ಪ ಉದ್ದ ಐತಿ, ಆದ್ರ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬಿಡದೇ ಓದ್ರಿ. ಹಳೆಯ ಪಿಸ್ತೂಲು ಇವತ್ತಿಗೂ ಕೈ ಬದಲಿಸುತ್ತಾ ತಿರುಗಾಡ್ತಾವ, ಯಾವ ಕಾಲದ್ದು ಅಂತ ಗೊತ್ತಾದ್ರ ಅದಕ್ಕ ಬರೋ ರೋಗ ಯಾವುದು ಅಂತಾನೂ ಗೊತ್ತಾಗತೈತಿ.

ಮೊದಲು ಬಂದದ್ದು ಸ್ಪ್ರಿಂಗ್. ಜಾತ್ರ್ಯಾಗ ಬಲೂನ್ ಹೊಡೆಯೋ ಗನ್ ಇದೇ ಜಾತಿ. ಒಳಗೆ ಬಿಗಿದ ಸ್ಪ್ರಿಂಗ್ ಪಿಸ್ಟನ್ನನ್ನು ದೂಡತೈತಿ, ಪಿಸ್ಟನ್ ಗಾಳಿಯನ್ನ, ಗಾಳಿ ಗುಂಡನ್ನ. ತೊಂದರೆ ಏನಂದ್ರ ಗುಂಡು ನಳಿಗೆ ಬಿಡೋ ಮೊದಲೇ ಪಿಸ್ಟನ್ ಕುಟ್ಟಿ ಪಿಸ್ತೂಲು ಒದರತೈತಿ. 1965ರಲ್ಲಿ ಜರ್ಮನಿಯ ಫೈನ್‌ವೆರ್ಕ್‌ಬಾವ್ ಕಂಪನಿ ‘65’ ಅನ್ನೋ ಮಾದರಿ ತಂದಿತು. ಗುಂಡು ಹಾರುವಾಗ ಮೇಲ್ಭಾಗ ಪೂರ್ತಿ ಹಳಿಯ ಮೇಲೆ ಹಿಂದಕ್ಕೆ ಜಾರತೈತಿ, ಒದೆತ ಕೈಗೆ ಮುಟ್ಟೂದಿಲ್ಲ. ಆ ಕಾಲಕ್ಕೆ ಅದ್ಭುತ. 1970ರಲ್ಲಿ ಏರ್ ಪಿಸ್ತೂಲು ವಿಶ್ವ ಚಾಂಪಿಯನ್‌ಶಿಪ್‌ಗೆ ಸೇರಿದಾಗ ಇಂಥವೇ ಆಳಿದ್ದು. ಇವತ್ತು ಅಂಥದ್ದು ಸಿಕ್ಕರೆ ಮೊದಲು ಕೇಳಬೇಕಾದದ್ದು ಸ್ಪ್ರಿಂಗ್ ಯಾವಾಗ ಬದಲಿಸಿದ್ರಿ, ಪಿಸ್ಟನ್ ಸೀಲ್ ಯಾವಾಗ ಬದಲಿಸಿದ್ರಿ ಅಂತ. ಸೀಲ್ ವಯಸ್ಸಾದ್ರ ಪುಡಿ ಪುಡಿ ಆಗತೈತಿ.

ಆಮ್ಯಾಲೆ ಒಂದೇ ಸಲ ಲಿವರ್ ಎಳೆದು ಗಾಳಿ ತುಂಬುವಂಥವು. ರಷ್ಯಾದ ಐಝೆಡ್‌ಎಚ್-46 ಈ ಜಾತಿದು. ಸಿಲಿಂಡರ್ ಇಲ್ಲ, ಪಂಪ್ ಇಲ್ಲ, ಯಂತ್ರ ಸರಳ. ಆದರೆ 60 ಗುಂಡಿನ ಪಂದ್ಯದಾಗ 60 ಸಲ ಲಿವರ್ ಎಳೀಬೇಕು, ಅದೇ ಕೈಲೆ ಗುರಿ ಹಿಡೀಬೇಕು. ಮೂರನೆಯದು ಕಾರ್ಬನ್ ಡೈಆಕ್ಸೈಡ್ ತುಂಬಿದವು. ಆ ಗ್ಯಾಸಿನ ಒತ್ತಡ ಬಿಸಿಲಿಗೆ ಏರತೈತಿ, ಚಳಿಗೆ ಇಳೀತೈತಿ. ಯುರೋಪಿನ ಹೀಟರ್ ಹಾಕಿದ ಹಾಲ್‌ನಲ್ಲಿ ನಡೀತು. ಏಪ್ರಿಲ್ ತಿಂಗಳ ಹಾವೇರಿ ಬಿಸಿಲಿಗೂ ಡಿಸೆಂಬರ್ ಮುಂಜಾನಿಗೂ ಒಂದೇ ಗುರಿ ಹಿಡೀರಿ ನೋಡೋಣ!

1988ರ ಸೋಲ್ ಒಲಿಂಪಿಕ್ಸ್‌ಗೆ 10 ಮೀಟರ್ ಏರ್ ಪಿಸ್ತೂಲ್ ಬಂತು, ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ. ಮಹಿಳೆಯರ ಮೊದಲ ಚಿನ್ನ ಯುಗೊಸ್ಲಾವಿಯಾದ ಯಾಸ್ನಾ ಶೆಕಾರಿಚ್‌ಗೆ. ಆಕೆ ಅಲ್ಲಿಂದ 2012ರವರೆಗೆ ಏಳು ಒಲಿಂಪಿಕ್ಸ್ ಆಡಿದಳು. ಅಷ್ಟರೊಳಗೆ, 90ರ ದಶಕದಲ್ಲಿ, ಈಗಿನ ಪದ್ಧತಿ ಗಟ್ಟಿಯಾಯಿತು: ಮೊದಲೇ 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್, ಪ್ರತಿ ಗುಂಡಿಗೂ ಅಳೆದು ಅಷ್ಟೇ ಗಾಳಿ ಬಿಡುವ ರೆಗ್ಯುಲೇಟರ್. ಆಸ್ಟ್ರಿಯಾದ ಸ್ಟೈರ್, ಸ್ವಿಟ್ಜರ್‌ಲ್ಯಾಂಡಿನ ಮೊರಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬಾವ್, ಎಲ್ಲರ ಮೂಲ ತತ್ವ ಒಂದೇ.

5/8

“ಹಂಗಾದ್ರ ಯಾವುದು ತಗೋಬೇಕು?” ಬಂದೆ, ಬಂದೆ.

ನಿಯಮಪುಸ್ತಕ ಮೊದಲೇ ಅರ್ಧ ಆರಿಸಿಬಿಟ್ಟೈತಿ. ತೂಕ 1500 ಗ್ರಾಂ ದಾಟಬಾರದು. ಕುದುರೆಯ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು. ಇಡೀ ಪಿಸ್ತೂಲು 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂಡಬೇಕು. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು. ಪಂದ್ಯದ ಮೊದಲು ಇದನ್ನೆಲ್ಲ ಅಳೀತಾರ. 500 ಗ್ರಾಂ ತೂಕವನ್ನ ಕುದುರೆಗೆ ನೇತುಹಾಕಿ ಎತ್ತಿದಾಗ ಅದು ಸಡಿಲಬಾರದು. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ ಎಷ್ಟು ದೊಡ್ಡದು ಗೊತ್ತಾ? 11.5 ಮಿ.ಮೀ. ನಿಮ್ಮ ಅಂಗಿಯ ಗುಂಡಿ ನೋಡ್ಕೊಳ್ರಿ, ಅಷ್ಟೇ.

ಈ ಮಿತಿಯೊಳಗ ಎಲ್ಲಾ ಒಳ್ಳೆಯ ಕಂಪನಿಗಳ ಪಿಸ್ತೂಲೂ ನಮ್ಮ ನಿಮ್ಮಂಥವರ ಕೈಗಿಂತ ಚಲೋ ಹೊಡೀತಾವ. ಅದಕ್ಕೆ ಕಂಪನಿ ಹೆಸರು ನನ್ನ ಲೆಕ್ಕದಾಗ ನಾಕನೇ ಪ್ರಶ್ನೆ. ಮೊದಲನೇದು ಹಿಡಿ. ಸಣ್ಣದು, ಮಧ್ಯಮ, ದೊಡ್ಡದು ಅಂತ ಅಳತೆ ಬರ್ತಾವ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದಾಗ ಮುಂದಿನ ಸೈಟು ಹಿಂದಿನ ಸೈಟಿನ ಸಂದಿಯಲ್ಲಿ ತಾನಾಗೇ ಕೂತಿರಬೇಕು. ಮಣಿಕಟ್ಟು ತಿರುಚಿ ಕೂಡಿಸೋ ಹಂಗಿದ್ರ ಆ ಹಿಡಿ ನಿಮ್ಮದಲ್ಲ. ದೊಡ್ಡ ಶೂಟರ್‌ಗಳ ಹಿಡಿ ನೋಡ್ರಿ, ಅರದಿಂದ ಉಜ್ಜಿ, ಮರದ ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ, ನೋಡಾಕ ಚಂದ ಇರೂದಿಲ್ಲ. ಎರಡನೇದು ತೂಕ ಎಲ್ಲಿ ಕೂತೈತಿ ಅನ್ನೋದು: ಮೂತಿ ಭಾರ ಇದ್ರ ಅಲುಗಾಟ ಕಡಿಮೆ, ಆದ್ರ ನಲವತ್ತನೇ ಗುಂಡಿಗೆ ಭುಜ ಬೀಳತೈತಿ. ಮೂರನೇದು ರಿಪೇರಿ ಯಾರು ಮಾಡ್ತಾರ, ಸೀಲ್ ಎಲ್ಲಿ ಸಿಗತಾವ ಅನ್ನೋದು. ಎಲೆಕ್ಟ್ರಾನಿಕ್ ಕುದುರೆಯ ಎಳೆತ ಬೆಣ್ಣೆ ಹಂಗ ಇರತೈತಿ, ಖರೆ. ಬೋರ್ಡು ಕೆಟ್ರ ಹಾವೇರಿ, ರಾಣೇಬೆನ್ನೂರಿನ ಮೊಬೈಲ್ ಅಂಗಡ್ಯಾಗ ರಿಪೇರಿ ಆಗೂ ವಸ್ತು ಅಲ್ಲ ಅದು. ಮೊದಲನೇ ಪಿಸ್ತೂಲಿಗೆ ಮೆಕ್ಯಾನಿಕಲ್ ಕುದುರೆಯೇ ಸರಿ ಅನ್ನೋದು ನನ್ನ ಪಕ್ಷ.

ರೊಕ್ಕದ ಮಾತು. ಹೊಸ ವಿದೇಶಿ ಮ್ಯಾಚ್ ಪಿಸ್ತೂಲು ಲಕ್ಷ ದಾಟತೈತಿ. ಅದು ಎಷ್ಟೋ ಮನೆಯ ಒಂದು ಹಂಗಾಮಿನ ಗೋವಿನಜೋಳದ ದುಡ್ಡು. ಸೆಕೆಂಡ್ ಹ್ಯಾಂಡ್ ತಗೊಂಡ್ರ ಸಿಲಿಂಡರಿನ ಮೇಲೆ ಕೊರೆದ ತಾರೀಖು ಓದ್ರಿ. ಹತ್ತು ವರ್ಷಕ್ಕ ಅದರ ಆಯುಷ್ಯ ಮುಗೀತು, ಸ್ಪರ್ಧೆಗೂ ಬಿಡೂದಿಲ್ಲ, ನೀವೂ ಮುಖದ ಹತ್ತಿರ ಇಟ್ಕೋಬಾರದು. ಬಿಕಾಂ ಮಂದಿಗೆ: ಸ್ಟ್ರೇಟ್ ಲೈನ್ ಮೆಥಡ್, ಹತ್ತು ವರ್ಷ, ಸ್ಕ್ರ್ಯಾಪ್ ವ್ಯಾಲ್ಯೂ ಸೊನ್ನೆ. ಎಂಟು ವರ್ಷದ ಸಿಲಿಂಡರಿಗೆ ಹೊಸದರ ರೇಟ್ ಹೇಳಿದ್ರ ಎದ್ದು ಬರ್ರಿ.

6/8

ರೊಕ್ಕ ಹಾಕೋ ಮುಂಚೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆ ಕೇಳ್ರಿ. ಇದನ್ನ ನಾನು ಬರೇ ಹೆಮ್ಮೆಗೆ ಹೇಳ್ತಿಲ್ಲ.

ತಂದೆ ಪಾಪಣ್ಣ ಸ್ವತಃ ಶೂಟರ್. ಮಗ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಅದನ್ನ ಬಿಟ್ಟು ಬಂದು ಪಿಸ್ತೂಲು ಹಿಡಿದರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು. ಅದೇ ವರ್ಷ ಸ್ಪೇನಿನ ಗ್ರಾನಡಾ ವಿಶ್ವಕಪ್‌ಗೆ ಹೋದಾಗ ಬೆಲ್ಸ್ ಪಾಲ್ಸಿ ಬಡಿದು ಮುಖದ ಒಂದು ಭಾಗಕ್ಕೆ ಲಕ್ವ ಹೊಡೀತು. ಕಣ್ಣಿನ ರೆಪ್ಪೆ ಮುಚ್ಚದ ಸ್ಥಿತಿ. ಗುರಿಕಾರನಿಗೆ ಇದಕ್ಕಿಂತ ಏನು ಬೇಕು? ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಜಿತು ರಾಯ್, ಸಮರೇಶ್ ಜಂಗ್ ಜೊತೆ ತಂಡದ ಕಂಚು. 2016ರಲ್ಲಿ ರಿಯೊ ಒಲಿಂಪಿಕ್ಸ್, ಅದೂ 50 ಮೀಟರ್ ಪಿಸ್ತೂಲಿನಲ್ಲಿ. ಫೈನಲ್ ಸಿಗಲಿಲ್ಲ. 2017ರಲ್ಲಿ ಅರ್ಜುನ ಪ್ರಶಸ್ತಿ.

ಅದೇ 2017ರಲ್ಲೇ ಒಲಿಂಪಿಕ್ಸ್‌ನಿಂದ 50 ಮೀಟರ್ ಪಿಸ್ತೂಲನ್ನೇ ತೆಗೆದುಹಾಕಿದರು. 1900ರಲ್ಲಿ ಶುರುವಾದ ಪಂದ್ಯಕ್ಕೆ ರಿಯೊ ಕೊನೆಯದು. 2008, 2012, 2016, ಮೂರೂ ಸಲ ಅದನ್ನು ಗೆದ್ದ ಕೊರಿಯಾದ ಜಿನ್ ಜೊಂಗ್-ಓಗೂ ನಾಲ್ಕನೇ ಅವಕಾಶ ಇಲ್ಲ. ಕಾರಣ ನ್ಯಾಯವಾದದ್ದೇ: ಗಂಡಸರಿಗೆ ಮಾತ್ರ ಇದ್ದ ಮೂರು ಶೂಟಿಂಗ್ ಪಂದ್ಯ ತೆಗೆದು ಮಿಶ್ರ ತಂಡದ ಮೂರು ಪಂದ್ಯ ಸೇರಿಸಿದರು. ಆದ್ರ ಕೈಗೆ ತಕ್ಕಂತೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ತಯಾರಿಸಿದ ಫ್ರೀ ಪಿಸ್ತೂಲು ಇದ್ದವರ ಗತಿ? ವಸ್ತು ಕೆಡಲಿಲ್ಲ, ಪಂದ್ಯ ಹೋಯ್ತು.

ಹಿಂಗಾಗಿ ಯಾವ ಪಂದ್ಯಕ್ಕೆ ಅಂತ ನಿರ್ಧರಿಸದೇ ಪಿಸ್ತೂಲು ಆರಿಸೋದು ಅಂದ್ರ ಯಾವ ಊರಿಗೆ ಅಂತ ಕೇಳದೇ ಬಸ್ ಹತ್ತಿದಂಗ. ಈಗ ಹೊಸಬರಿಗೆ 10 ಮೀಟರ್ ಏರ್ ಪಿಸ್ತೂಲೇ ದಾರಿ. ಲೈಸೆನ್ಸ್ ಬೇಡ, ಜಾಗ ಕಡಿಮೆ ಸಾಕು, ಶಾಲೆ ಮಟ್ಟದಿಂದ ಒಲಿಂಪಿಕ್ಸ್‌ವರೆಗೂ ಅದೇ ದೂರ.

7/8

2021ರ ಜುಲೈ 25, ಟೋಕಿಯೊ. ಮಹಿಳೆಯರ ಏರ್ ಪಿಸ್ತೂಲ್ ಅರ್ಹತಾ ಸುತ್ತು. 60 ಗುಂಡು, 75 ನಿಮಿಷ. 16 ಗುಂಡು ಮುಗಿಸಿದ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಕಾಕಿಂಗ್ ಲಿವರ್, ಎಲೆಕ್ಟ್ರಾನಿಕ್ ಕುದುರೆ, ಎರಡರದೂ ತೊಂದರೆ. ಸರಿಮಾಡಿಸಿಕೊಂಡು ಬರುವ ಹೊತ್ತಿಗೆ ಕಾಲು ಗಂಟೆಯ ಮೇಲಾಗಿತ್ತು. 575 ಅಂಕ, 12ನೇ ಸ್ಥಾನ. ಎಂಟನೆಯವರಿಗೆ 577. ಎರಡು ಅಂಕ! ಮೂರು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ ಎರಡು ಕಂಚು ಬಂದದ್ದು ಎಲ್ಲರಿಗೂ ಗೊತ್ತು. ಆ ಕಾಲು ಗಂಟೆ ಮರೀಬ್ಯಾಡ್ರಿ.

ಹಾಂಗಂತ ದಿನಾ ಬಿಚ್ಚಿ ಜೋಡಿಸಬೇಕು ಅಂತಲ್ಲ. ಮನ್ಯಾಗ ಬಿಚ್ಚಲೇಬ್ಯಾಡ್ರಿ. ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ಅಭ್ಯಾಸ ಆದ ಮ್ಯಾಲೆ ನಳಿಗ್ಯಾಗ ಪೆಲೆಟ್ ಉಳಿದಿಲ್ಲ ಅಂತ ನೋಡಿ, ಕಣ್ಣಿಗೆ ಹೊಡೆಯೋ ಬಣ್ಣದ ಸೇಫ್ಟಿ ದಾರ ನಳಿಗೆಯ ಉದ್ದಕ್ಕೂ ತೂರಿಸಿ ಇಡ್ರಿ. ರೇಂಜಿನಲ್ಲಿ ಇದು ಕಡ್ಡಾಯ. ನಳಿಗೆ ಒಳಗೆ ಸೀಸದ ಮಸಿ ಕೂಡತೈತಿ, ಆಗಾಗ ಫೆಲ್ಟ್ ಪೆಲೆಟ್ ಹಾರಿಸಿದರೆ ಸಾಕು. ಕಬ್ಬಿಣದ ಸರಳು ಹಾಕಿ ಗೀರಬ್ಯಾಡ್ರಿ. ಹೊಲಿಗೆ ಮಷೀನಿನ ಎಣ್ಣೆ ಗಾಳಿಯ ದಾರಿಗೆ ಸೋಕಿಸಲೇಬಾರದು. ಭಾರೀ ಒತ್ತಡದ ಗಾಳಿ ಮತ್ತು ಎಣ್ಣೆ ಸೇರಿದ್ರ ಬೆಂಕಿ ಹೊತ್ತಬಹುದು, ರಬ್ಬರ್ ಸೀಲ್ ಅಂತೂ ಉಬ್ಬಿ ಹಾಳಾಗತೈತಿ. ಕಂಪನಿ ಹೇಳಿದ ಗ್ರೀಸ್, ಹೇಳಿದ ಜಾಗಕ್ಕೆ, ಸಾಸಿವೆಯಷ್ಟು. ಆಕ್ಸಿಜನ್ ತುಂಬಿಸೋ ಬುದ್ಧಿವಂತಿಕೆ ಯಾರೂ ಮಾಡಬ್ಯಾಡ್ರಿ.

ಸಣ್ಣ ಊರಿನವರು ಕೈ ಪಂಪಿನಿಂದ ಸಿಲಿಂಡರ್ ತುಂಬೋದೇ ಹೆಚ್ಚು. ನಮ್ಮ ಕಡೆ ಮಳೆಗಾಲದ ಗಾಳಿ ಅಂದ್ರ ಅರ್ಧ ನೀರು, ಮಲೆನಾಡಿನ ಸೆರಗು ಇದು. ಆ ನೀರು ಪಂಪಿನಿಂದ ಸಿಲಿಂಡರಿಗೆ, ಅಲ್ಲಿಂದ ರೆಗ್ಯುಲೇಟರಿಗೆ ಹೋಗಿ ತುಕ್ಕು ಹಿಡಿಸತೈತಿ. ಅದಕ್ಕ ನಡುನಡುವೆ ನಿಲ್ಲಿಸಿ, ಪಂಪ್ ಆರಾಕ ಬಿಟ್ಟು, ಒಳಗಿನ ತೇವ ಹೊರಗೆ ಬಿಟ್ಟು ಮತ್ತೆ ಹೊಡೀಬೇಕು. ಪೆಟ್ಟಿಗ್ಯಾಗ ಸಿಲಿಕಾ ಜೆಲ್ ಪುಡಿಕೆ ಹಾಕ್ರಿ, ಹೊಸ ಶೂ ಡಬ್ಬ್ಯಾಗ ಬರತಾವಲ್ಲ ಅವೇ. ಸಿಲಿಂಡರ್ ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಡಬ್ಯಾಡ್ರಿ, ಸ್ವಲ್ಪ ಒತ್ತಡ ಇದ್ರ ಸೀಲ್ ತನ್ನ ಜಾಗದಾಗ ಕೂತಿರತೈತಿ. ಬಿಸಿಲಿಗೆ ನಿಂತ ಕಾರಿನಾಗ ಅಂತೂ ಬಿಡಲೇಬ್ಯಾಡ್ರಿ. ಪೆಲೆಟ್ ಮುಟ್ಟಿದ ಕೈ ತೊಳೀದೇ ಮಂಡಕ್ಕಿ ತಿನ್ನಬ್ಯಾಡ್ರಿ, ಅದು ಸೀಸ.

8/8

ನ್ಯಾಷನಲ್ ರೈಫಲ್ ಅಸೋಸಿಯೇಶನ್ 1951ರಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್. ಹೊಸಬರು ನ್ಯಾಷನಲ್ಸ್‌ಗೆ ಹೋಗೋ ಮುಂಚೆ ದಾಟುವ ಅಖಿಲ ಭಾರತ ಸ್ಪರ್ಧೆಗೆ ಇವತ್ತಿಗೂ ಅವರದೇ ಹೆಸರು. ಬ್ರಿಟಿಷರು ಕಸಿದುಕೊಂಡದ್ದನ್ನ ಆಟದ ರೂಪದಾಗ ವಾಪಸ್ ಕೊಟ್ಟ ಬಾಗಿಲು ಅದು ಅಂತ ನನಗನಸತೈತಿ. ಬಾಗಿಲು ಸಣ್ಣದು, ಬಹಳ ವರ್ಷ ಅದರೊಳಗೆ ರಾಜಮನೆತನದವರು, ಸೈನ್ಯದವರು ಮಾತ್ರ ಹೋಗ್ತಿದ್ರು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ ಐದು ಒಲಿಂಪಿಕ್ಸ್ ಆಡಿದರು. 1994ರಲ್ಲಿ 18 ವರ್ಷದ ಜಸ್ಪಾಲ್ ರಾಣಾ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಸೆಂಟರ್ ಫೈರ್ ಪಿಸ್ತೂಲ್ ಚಿನ್ನ ಗೆದ್ದ ಮೇಲೆ ಗಾಳಿ ಬದಲಾಯಿತು. ಪ್ಯಾರಿಸ್‌ನಲ್ಲಿ ಮನು ಭಾಕರ್ ಕೋಚ್ ಅವರೇ.

ನಮ್ಮ ರಾಜ್ಯದಿಂದ ಈಗ ದಿವ್ಯಾ ಟಿ.ಎಸ್. ಇದ್ದಾರೆ. 2023ರ ಮೇ ತಿಂಗಳು, ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ, ಸರ್ಬಿಯಾದ ಜೋಡಿಯ ಮೇಲೆ 16-14. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ. ಪ್ರಕಾಶ್ ಅವರ 50 ಮೀಟರ್ ಪಂದ್ಯ ತೆಗೆದು ಆ ಜಾಗಕ್ಕೆ ತಂದರಲ್ಲ, ಆ ಮಿಶ್ರ ತಂಡದ ಪಂದ್ಯದಲ್ಲೇ ಈ ಚಿನ್ನ.

ಮೆಸೇಜ್ ಮಾಡಿದವರಿಗೆ ನನ್ನ ಉತ್ತರ: ಈ ವರ್ಷ ಪಿಸ್ತೂಲು ತಗೋಬ್ಯಾಡ್ರಿ. ಕ್ಲಬ್ಬಿನ ಪಿಸ್ತೂಲಿನಲ್ಲಿ ಕೆಲವು ತಿಂಗಳು ಹೊಡೀರಿ, ನಿಮ್ಮ ಕೈಯ ಹಿಡಿ ಯಾವ ಅಳತೆ ಅಂತ ಅಲ್ಲೇ ಗೊತ್ತಾಗತೈತಿ. ಮನ್ಯಾಗ ಬಿಳಿ ಗೋಡೆಯ ಮುಂದೆ ನಿಂತು, ಒಂದು ಲೀಟರ್ ನೀರಿನ ಬಾಟಲಿ ಒಂದೇ ಕೈಲೆ ಚಾಚಿ ಹಿಡಿದು ಅರವತ್ತು ಸಲ ಎತ್ತಿ ಇಳಿಸ್ರಿ. ನಲವತ್ತು ದಾಟಿದವರು ಕಾಮೆಂಟ್‌ನಾಗ ಸಂಖ್ಯೆ ಬರೀರಿ, ಸುಳ್ಳು ಬ್ಯಾಡ.

ಮುಂದಿನ ಸರಣಿ ನಮ್ಮ ತಾಲೂಕಿನ ವೀರಗಲ್ಲುಗಳದು. ನಿಮ್ಮೂರ ಗುಡಿ ಹಿಂದ, ಕೆರೆ ಏರಿ ಮ್ಯಾಲ ಬಿಲ್ಲು ಹಿಡಿದ ವೀರನ ಕಲ್ಲಿದ್ರ ಫೋಟೋ ತೆಗೆದು ಕಳಸ್ರಿ, ಊರ ಹೆಸರು ಮರೀಬ್ಯಾಡ್ರಿ.

#ಹಿರೇಕೆರೂರು #ಹಾವೇರಿ #ಹಲಗಲಿ #ಏರ್‌ಪಿಸ್ತೂಲ್ #ಕನ್ನಡಇತಿಹಾಸ